ನೆರೆ ಬರುವ ಭಾನುವಾರ

ಬೆಟ್ಟದ ನೆತ್ತಿಯ ಮೇಲಿರುವ, ಬಿಂದಿಗೆ ನೀರು ಚೆಲ್ಲಿದರೂ ಅರೆಗಳಿಗೆ ನಿಲ್ಲದ ಬೀದಿಯೊಂದು ನೆರೆ ಬರುತ್ತದೆಂದು ದೋಣಿ ಕಟ್ಟಿಸಿಕೊಂಡ ಉದಾಹರಣೆ ಬೇರೆಲ್ಲಾದರೂ ಇದ್ದರೆ ತೋರಿಸಿ, ನನ್ನ ಅಂಗಡಿಯಲ್ಲಿರುವ ಅಷ್ಟೂ ಗಡಿಯಾರಗಳನ್ನು ನಿಮಗೆ ಕೊಟ್ಟುಬಿಡುತ್ತೇನೆ. ಕಟ್ಟಿಸಿದವರು ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ. ನಕ್ಕವರು ಬೇಕಾದಷ್ಟು ಜನ ಇದ್ದಾರೆ. ನಾನೂ ನಕ್ಕಿದ್ದೇನೆ. ಆದರೆ ಈಗ ಆ ದೋಣಿಯ ಮುಂದೆ ಹಾದುಹೋಗುವಾಗೆಲ್ಲ ನನ್ನ ಎದೆ ಒಂದಂಗುಲ ಉಬ್ಬುತ್ತದೆ, ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ.

ಭಾವ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಇಪ್ಪತ್ತಾರು ವರ್ಷದ ಸೇವೆ. ಎದೆಯ ಜೇಬಿನಲ್ಲಿ ಕೆಂಪು ಪೆನ್ನು ಇಲ್ಲದೆ ಅವರು ಸ್ನಾನಕ್ಕೆ ಮಾತ್ರ ಹೋಗುತ್ತಾರೆ. ಅಂಗಡಿಯ ಚೀಟಿ, ವೈದ್ಯರ ಚೀಟಿ, ಬಾಡಿಗೆ ಮನೆಯ ಕರಾರು, ಯಾವುದು ಕೈಗೆ ಸಿಕ್ಕಿದರೂ ತಿದ್ದಿಯೇ ಕೆಳಗಿಡುವುದು. ಮದುವೆಗೆ ಮುಂಚೆ ನನ್ನಕ್ಕ ಬರೆದ ಮೊದಲ ಪತ್ರವನ್ನು ಒಂಬತ್ತು ಕಡೆ ಕೆಂಪು ಗೀಟು ಎಳೆದು, "ಭಾವನೆ ಉತ್ತಮ. ಮಹಾಪ್ರಾಣಗಳ ಕಡೆ ಗಮನವಿರಲಿ" ಎಂದು ಷರಾ ಬರೆದು ವಾಪಸು ಕಳಿಸಿದ್ದರು. ಆಮೇಲೂ ಅಕ್ಕ ಅವರನ್ನೇ ಮದುವೆಯಾದಳು. ಸೇಡು ತೀರಿಸಿಕೊಳ್ಳುವುದಕ್ಕೇ ಇರಬೇಕೆಂದು ನಾನು ಬಹಳ ವರ್ಷ ನಂಬಿದ್ದೆ.

ಆ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಸರಿಯಾಗಿದ್ದ ಮಾತನ್ನು ಕೈತಪ್ಪಿ ಹೊಡೆದುಹಾಕಿದರೆ, ಅದರ ಕೆಳಗೆ ಸಾಲಾಗಿ ಚುಕ್ಕಿ ಇಟ್ಟು ಅಂಚಿನಲ್ಲಿ "ಇದ್ದಂತೆ ಇರಲಿ" ಎಂದು ಬರೆಯಬೇಕು. ಅಂದರೆ ತಿದ್ದಿದವನು ತನ್ನ ತಪ್ಪು ಒಪ್ಪಿಕೊಂಡ ಎಂದು ಅರ್ಥ. ಇಪ್ಪತ್ತಾರು ವರ್ಷದಲ್ಲಿ ತಾನು ಒಂದು ಸಲವೂ ಆ ಚುಕ್ಕಿ ಇಟ್ಟಿಲ್ಲ ಎಂಬುದು ಭಾವನ ಹೆಮ್ಮೆ. ಮನೆಗೆ ಬಂದವರು ನೀರು ಕುಡಿದು ಲೋಟ ಇಡುವಷ್ಟರಲ್ಲಿ ಅವರಿಗೆ ಈ ವಿಷಯ ಗೊತ್ತಾಗಿರುತ್ತಿತ್ತು.

ಪುರಸಭೆಯಿಂದ ಬಂದ ಪ್ರತಿಯೊಂದು ಪ್ರಕಟಣೆಯನ್ನೂ ಅವರು ತಿದ್ದಿ ಪುರಸಭೆಗೇ ವಾಪಸು ಕಳಿಸುತ್ತಿದ್ದರು. ಹನ್ನೊಂದು ವರ್ಷ ಸಹಿಸಿಕೊಂಡ ಪುರಸಭೆ ಕೊನೆಗೆ, ಕಾಗದ ತಿದ್ದಿದ್ದು ಸಾಕು, ಬೀದಿ ತಿದ್ದಲಿ ಎಂದು ಅವರನ್ನು ನಮ್ಮ ಬೀದಿಯ ಸಂಚಾಲಕರನ್ನಾಗಿ ನೇಮಿಸಿಬಿಟ್ಟಿತು. ಅದು ಶಿಕ್ಷೆ ಎಂದು ಊರಿಗೆಲ್ಲ ಗೊತ್ತಿತ್ತು. ಭಾವನಿಗೆ ಮಾತ್ರ ಪದವಿ. ಮಾರನೆಯ ದಿನವೇ "ಬೀದಿ ಸಂಚಾಲಕರು" ಎಂಬ ರಬ್ಬರ್ ಮೊಹರು ಮಾಡಿಸಿಕೊಂಡು ಬಂದರು. ಒಂದು ವಾರದಲ್ಲಿ ಅದು ಮನೆಯ ಕ್ಯಾಲೆಂಡರ್ ಮೇಲೆ, ನನ್ನ ಅಂಗಡಿಯ ರಸೀತಿಗಳ ಮೇಲೆ, ಆತುರದಲ್ಲಿ ಅಕ್ಕನ ಮುಂಗೈಯ ಮೇಲೂ ಬಿತ್ತು.

ಇನ್ನು ನಮ್ಮ ಬೀದಿ. ಇಪ್ಪತ್ತೆರಡು ಮನೆ, ಏಳು ಭಾಷೆ. ಎಲ್ಲೆಲ್ಲಿಂದಲೋ ಬಂದು ಸೇರಿದವರು. ಒಬ್ಬರಿಗೊಬ್ಬರು ಬಾಗಿಲು ಹಾಕಿಕೊಳ್ಳುವ ಸದ್ದಿನಿಂದ ಮಾತ್ರ ಪರಿಚಯ. ಬೀದಿಯ ತುದಿಯಲ್ಲಿ ಪುರಸಭೆಯದೇ ಒಂದು ಸಭಾಂಗಣವಿದೆ, ಅದರ ಬಾಗಿಲಿಗೆ ಎರಡು ಬೀಗ. ಒಂದು ನಿವೃತ್ತ ಪೋಸ್ಟ್ ಮಾಸ್ತರರದು, ಇನ್ನೊಂದು ಅವರ ಪಕ್ಕದ ಮನೆಯ ಲಾರಿ ಡ್ರೈವರನದು. ನಾಲ್ಕು ವರ್ಷದ ಹಿಂದೆ ಸಭಾಂಗಣದ ಬಲ್ಬು ಬದಲಾಯಿಸಲು ಡ್ರೈವರ್ ಮಾಸ್ತರರ ಏಣಿ ಇಸಕೊಂಡಿದ್ದ. ಸಂಜೆ ಏಣಿ ಎಲ್ಲಿ ಎಂದು ಕೇಳಿದ್ದಕ್ಕೆ, "ಬಾಗಿಲ ಹಿಂದೆ ಇಟ್ಟಿದ್ದೀನಿ" ಅಂದ. ಮಾಸ್ತರರು ತಮ್ಮ ಮನೆಯ ಎಲ್ಲ ಬಾಗಿಲುಗಳ ಹಿಂದೆ ಒಂದು ವಾರ ಹುಡುಕಿದರು. ಏಣಿ ಇಲ್ಲ. ಏಣಿ ನುಂಗಿದವನು ಸಭಾಂಗಣ ಹೇಗೆ ಹತ್ತುತ್ತಾನೋ ನೋಡುತ್ತೇನೆ ಎಂದು ಮಾಸ್ತರರು ಒಂದು ಬೀಗ ಜಡಿದರು. ಕಳ್ಳ ಅನ್ನಿಸಿಕೊಂಡವನು ಸುಮ್ಮನಿರುತ್ತಾನೆಯೇ? ಡ್ರೈವರ್ ಅದರ ಕೆಳಗೆ ಇನ್ನೊಂದು ಜಡಿದ. ಬೀದಿ ಅರ್ಧ ಇತ್ತ ಅರ್ಧ ಅತ್ತ ಆಗಿ, ಅವತ್ತಿನಿಂದ ಆ ಬಾಗಿಲು ತೆರೆದಿರಲಿಲ್ಲ.

ಆ ಸಭಾಂಗಣ ಬೇಕಾಗಿದ್ದದ್ದು ನನ್ನ ಅಕ್ಕನಿಗೆ. ಅವಳು ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟುಕೊಂಡು ಹನ್ನೊಂದು ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಹೊಸದಾಗಿ ಬಂದವರೇ ಹೆಚ್ಚು. ಹೊಲಿಗೆಯ ಜೊತೆಗೆ ಮಾತೂ ಕಲಿಯುತ್ತಿದ್ದರು. ಯಂತ್ರಗಳು ಓಡಿದರೆ ಮಹಡಿ ನಡುಗುತ್ತದೆ, ತಿಂಗಳ ಕೊನೆಯೊಳಗೆ ಎಲ್ಲವೂ ಹೊರಗೆ ಹೋಗಬೇಕು ಎಂದು ಮನೆ ಮಾಲೀಕರು ಹೇಳಿಯಾಗಿತ್ತು. ಭಾವನಂತೂ ಎರಡು ವರ್ಷದಿಂದ ಮೆಟ್ಟಿಲ ಮೇಲೆ ಕೂತು ಊಟ ಮಾಡುತ್ತಿದ್ದರು, ಅದರ ಬಗ್ಗೆ ಅವರದೇನೂ ತಕರಾರಿರಲಿಲ್ಲ. ಅಕ್ಕ ಸಭಾಂಗಣಕ್ಕಾಗಿ ಪುರಸಭೆಗೆ ಐದು ಅರ್ಜಿ ಹಾಕಿದ್ದಳು. ಐದನ್ನೂ ಭಾವ ತಿದ್ದಿ ಕೊಟ್ಟಿದ್ದರು. ಆದರೂ ಏನೂ ಆಗಿರಲಿಲ್ಲ.

ಹೀಗಿರುವಾಗ ಒಂದು ಮಂಗಳವಾರ ಪುರಸಭೆಯ ಸುತ್ತೋಲೆ ಬಂತು. ಭಾವ ಮೂರನೇ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದಿದರು.

"ವಿಷಯ: ನೆರೆ ಸಪ್ತಾಹದ ಪೂರ್ವಸಿದ್ಧತೆ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತಮ್ಮ ಬೀದಿಯಲ್ಲಿ ನೆರೆ ಪರಿಶೀಲನೆ ನಡೆಯಲಿದೆ. ಅಷ್ಟರೊಳಗೆ ನೆರೆಯು ಪ್ರತಿ ಮನೆಗೂ ತಲುಪುವಂತೆ ಸಂಚಾಲಕರು ನೋಡಿಕೊಳ್ಳತಕ್ಕದ್ದು. ವೃದ್ಧರು, ಅಶಕ್ತರು ಮತ್ತು ಹೊಸದಾಗಿ ಬಂದು ನೆಲೆಸಿದವರು ಯಾವ ಕಾರಣಕ್ಕೂ ನೆರೆಯಿಂದ ವಂಚಿತರಾಗಬಾರದು. ನೆರೆಹೊರೆ ಕಾರ್ಯ ತೃಪ್ತಿಕರವಾಗಿಲ್ಲದ ಬೀದಿಗಳ ಸಭಾಂಗಣವನ್ನು ಕೊಳವೆಗಳ ದಾಸ್ತಾನಿಗೆ ವಹಿಸಲಾಗುವುದು."

ಯಂತ್ರಗಳೆಲ್ಲ ನಿಂತವು. ಕೊನೆಯ ವಾಕ್ಯ ಕೇಳಿ ಅಕ್ಕನ ಮುಖ ಬಿಳಿಚಿಕೊಂಡಿತು. ಭಾವನ ಮುಖವೂ ಬಿಳಿಚಿಕೊಂಡಿತು, ಕಾರಣ ಮಾತ್ರ ಬೇರೆ.

"ನೆರೆ ಬರ್ತಿದೆ," ಅಂದರು. "ಭಾನುವಾರ ಹತ್ತು ಗಂಟೆಗೆ. ಅದನ್ನ ಹೇಳೋ ಕಾಗದದಲ್ಲಿ ಇಷ್ಟೊಂದು ತಪ್ಪು! ನೆರೆ ಮನೆಗೆ ತಲುಪುವಂತೆ ನೋಡಿಕೋಬೇಕಂತೆ. ನೆರೆಯಿಂದ ಯಾರೂ ವಂಚಿತರಾಗಬಾರದಂತೆ. ಇಂಥವರ ಕೈಗೆ ಊರು ಕೊಟ್ಟಿದ್ದೀವಿ ನೋಡು."

ಅಲ್ಲೇ ಗೋಡೆಗೆ ಕಾಗದ ಒತ್ತಿ ಹಿಡಿದು ಕೆಂಪು ಪೆನ್ನು ತೆಗೆದರು. "ತಲುಪುವಂತೆ" ಹೋಗಿ "ತಲುಪದಂತೆ" ಆಯಿತು. "ವಂಚಿತ" ಹೋಗಿ "ಬಾಧಿತ" ಆಯಿತು. "ನೆರೆಹೊರೆ" ಎಂಬಲ್ಲಿ ಒಂದು ಕ್ಷಣ ನಿಂತರು. ನಾನು ಆ ಕ್ಷಣವನ್ನು ಕಣ್ಣಾರೆ ಕಂಡೆ. ಆಮೇಲೆ ಗೀಟು ಎಳೆದು "ನೆರೆಯ ಹೊರೆ" ಎಂದು ಬರೆದು ಮೊಹರು ಒತ್ತಿದರು.

"ರೀ," ಅಂದಳು ಅಕ್ಕ, "ನೆರೆ ಅಂದ್ರೆ ಅಕ್ಕಪಕ್ಕದವರು ಅಂತಲೂ ಆಗುತ್ತಲ್ವಾ?"

ಭಾವ ಅವಳನ್ನು ಕನಿಕರದಿಂದ ನೋಡಿದರು. "ಪಕ್ಕದ ಮನೆಯವರು ಭಾನುವಾರ ಹತ್ತು ಗಂಟೆಗೆ ಬರ್ತಾರೆ, ಹುಷಾರು ಅಂತ ಯಾವ ಪುರಸಭೆಯಾದ್ರೂ ಕಾಗದ ಬರೆಯುತ್ತಾ?"

ಹನ್ನೊಂದು ಹೆಂಗಸರೂ ಹೌದು ಎಂಬಂತೆ ತಲೆಯಾಡಿಸಿದರು. ನನಗೂ ಸರಿಯೆನ್ನಿಸಿತು. ಹೊರಗೆ ಬಿಸಿಲು ಟಾರು ಕರಗಿಸುತ್ತಿತ್ತು. ಯಾವುದಕ್ಕೂ ಪುರಸಭೆಯಲ್ಲಿ ಒಂದು ಮಾತು ಕೇಳಿ ಬರೋಣವೇ ಎಂದೆ. "ಅರ್ಥ ಕೇಳೋಕೆ ನಾನು ಹೋಗ್ಬೇಕಾ? ನಾನು?" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಬುಧವಾರ ಭಾವ ಮುದ್ರಣಾಲಯಕ್ಕೆ ರಜೆ ಹಾಕಿ, ಉದ್ದನೆಯ ವಹಿಯೊಂದನ್ನು ಹಿಡಿದು ಮನೆಮನೆ ಹತ್ತಿದರು. ಜೊತೆಗೆ ನಾನು. ಮನೆಯಲ್ಲಿ ಎಷ್ಟು ಜನ, ಈಜು ಬಲ್ಲವರು ಯಾರು, ಮೆಟ್ಟಿಲು ಹತ್ತಲಾರದವರು ಯಾರು, ಯಾರಿಗೆ ಯಾವ ಮಾತ್ರೆ, ಅದು ಯಾವ ಕಪಾಟಿನಲ್ಲಿ, ಹಗ್ಗ ಇದೆಯೇ, ಕೂಗಿದರೆ ಮೊದಲು ಓಡಿಬರುವವರು ಯಾರು. ಎಲ್ಲವೂ ವಹಿಗೆ.

ಪೋಸ್ಟ್ ಮಾಸ್ತರರು ಬಾಗಿಲನ್ನು ಸರಪಳಿಯಷ್ಟೇ ತೆರೆದು ನೋಡಿದರು. "ಇಲ್ಲಿಗೆ ನೆರೆ ಬರ್ಬೇಕಾದ್ರೆ ಮೊದಲು ಊರೆಲ್ಲ ಮುಳುಗಬೇಕಲ್ರೀ."

"ಅದಕ್ಕೇ ಹೇಳ್ತಿದ್ದೀನಿ. ಊರೆಲ್ಲ ಮುಳುಗುವಾಗ ನಾವು ಕೈಕಟ್ಟಿ ಕೂತಿರೋದಾ?"

"ಮಳೆಯೇ ಇಲ್ಲ."

"ಜಲಾಶಯ ಇದೆ. ಅದರ ಬಾಗಿಲು ತೆಗೆಯೋ ವಿಚಾರ ಅವರು ಊರಿಗೆಲ್ಲ ಸಾರಿಕೊಂಡು ಬರ್ತಾರಾ? ಹೀಗೆ ಮೆಲ್ಲಗೆ ಕಾಗದದಲ್ಲಿ ತಿಳಿಸ್ತಾರೆ."

ಮಾಸ್ತರರು ಸುತ್ತೋಲೆಯ ಸಂಖ್ಯೆ ನೋಡಿದರು, ದಿನಾಂಕ ನೋಡಿದರು, ಮೊಹರು ನೋಡಿದರು. ಮೂವತ್ತೈದು ವರ್ಷ ಮೊಹರನ್ನೇ ನಂಬಿ ಬದುಕಿದ ಜೀವ ಅದು. ಸರಪಳಿ ಬಿಚ್ಚಿಕೊಂಡಿತು.

ಒಂಬತ್ತನೇ ಮನೆಯಲ್ಲಿ ಮರಗೆಲಸದವನೊಬ್ಬ ಇದ್ದ. ಬಂದು ಎಂಟು ತಿಂಗಳಾಗಿತ್ತು, ನಮ್ಮ ಮಾತು ಒಂದಕ್ಷರ ಬರುತ್ತಿರಲಿಲ್ಲ. ಅವನ ಹೆಂಡತಿ ಅಕ್ಕನ ಬಳಿ ಹೊಲಿಗೆ ಕಲಿಯುತ್ತಿದ್ದಳು. ಅವಳಿಗೆ ಬರುತ್ತಿದ್ದದ್ದು ಸುಮಾರು ಮೂವತ್ತು ಮಾತು, ಎಲ್ಲವೂ ಹೊಲಿಗೆಯವೇ.

"ನೆರೆ!" ಅಂದರು ಭಾವ. ಕೈಯನ್ನು ಪಾದದ ಹತ್ತಿರ ಹಿಡಿದರು, ಮೊಣಕಾಲಿಗೆ ತಂದರು, ಸೊಂಟಕ್ಕೆ, ಕುತ್ತಿಗೆಗೆ.

"ಅಳತೆ?" ಅಂದಳು ಅವಳು.

"ಅಳತೆ ಅಲ್ಲಮ್ಮ, ನೀರು! ನೀರು!" ಎಂದು ಎರಡೂ ಕೈಯಿಂದ ಹುಟ್ಟುಹಾಕುವ ಅಭಿನಯ ಮಾಡಿದರು. ಕೆನ್ನೆ ಉಬ್ಬಿಸಿ ಮುಳುಗುವ ಅಭಿನಯವನ್ನೂ ಮಾಡಿದರು. ಅದನ್ನು ನೋಡಿ ನನಗೇ ಉಸಿರು ಕಟ್ಟಿತು.

"ನೀರು. ಕುತ್ತಿಗೆ ಅಳತೆ," ಎಂದು ಅವಳು ಮೆಲ್ಲಗೆ ಹೇಳಿಕೊಂಡು ಗಂಡನಿಗೆ ತಮ್ಮ ಮಾತಿನಲ್ಲಿ ತಿಳಿಸಿದಳು. ಅವನು ನಗಲಿಲ್ಲ. ಕೈಯಲ್ಲಿದ್ದ ಉಳಿ ಕೆಳಗಿಟ್ಟು ಭಾವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಉದ್ದಕ್ಕೆ ಏನೋ ಹೇಳಿದ. ಹೆಂಡತಿ ತನಗೆ ಗೊತ್ತಿದ್ದ ಮಾತುಗಳನ್ನೆಲ್ಲ ಜೋಡಿಸಿದಳು: "ನಮ್ಮ ಮನೆ, ಅಲ್ಲಿ, ನೀರು ತಗೊಂಡು ಹೋಯ್ತು. ಅಲ್ಲಿ ಮೊದಲು ಯಾರೂ ಹೇಳಿಲ್ಲ. ಇಲ್ಲಿ ನೀವು ಹೇಳಿದ್ರಿ."

ಭಾವ ಮೆಟ್ಟಿಲಿಳಿದು ಬಂದಾಗ ಅವರ ನಡಿಗೆಯೇ ಬೇರೆಯಾಗಿತ್ತು. ಅವತ್ತು ಮಧ್ಯಾಹ್ನದಿಂದಲೇ ಒಂಬತ್ತನೇ ಮನೆಯ ಮುಂದೆ ಹಲಗೆ ಸೀಳುವ ಸದ್ದು ಶುರುವಾಯಿತು. ಕೇಳಿದರೆ, ದೋಣಿ.

ಗುರುವಾರ ತಾಲೀಮು, ಮೊದಲು ಅಜ್ಜಿಯ ಸರದಿ. ನಾಲ್ಕನೇ ಮನೆಯ ನೆಲಮಾಳಿಗೆಯಲ್ಲಿ ಒಬ್ಬರೇ ಇದ್ದ ಅಜ್ಜಿಗೆ ತೊಂಬತ್ತು ವರ್ಷ, ಕಿವಿ ದೂರ. ಸಭಾಂಗಣದ ಮಾಳಿಗೆಯವರೆಗೆ ಅವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕು. ವಹಿಯ ಪ್ರಕಾರ ಅಜ್ಜಿಯ ಮನೆಗೆ ತೀರ ಹತ್ತಿರದ ಗಟ್ಟಿ ಆಳುಗಳು ಇಬ್ಬರೇ: ಮಾಸ್ತರರು, ಡ್ರೈವರ್. ವಹಿಯಲ್ಲಿ ಬರೆದದ್ದನ್ನು ಭಾವ ಯಾರಿಗಾಗಿಯೂ ಬದಲಾಯಿಸುವವರಲ್ಲ.

ಕುರ್ಚಿಯ ಆ ಕಡೆ ಮಾಸ್ತರರು, ಈ ಕಡೆ ಡ್ರೈವರ್, ನಡುವೆ ಅಜ್ಜಿ. ನಾಲ್ಕು ವರ್ಷದಿಂದ ಮಾತಿಲ್ಲದವರು ಅಜ್ಜಿಯ ಮೂಲಕ ಮಾತಾಡತೊಡಗಿದರು.

"ಅಜ್ಜೀ, ಆ ಕಡೆಯವರಿಗೆ ಸ್ವಲ್ಪ ಮೇಲೆ ಎತ್ತೋಕೆ ಹೇಳಿ," ಅಂದರು ಮಾಸ್ತರರು.

"ಕತ್ತು ಅಂದ್ಯಾ? ಕತ್ತು ಚೆನ್ನಾಗಿದೆಯಪ್ಪ, ಸೊಂಟದ್ದೇ ನೋವು," ಅಂದರು ಅಜ್ಜಿ.

"ಅಜ್ಜೀ, ಅವರಿಗೆ ಎಡಕ್ಕೆ ತಿರುಗೋಕೆ ಹೇಳಿ," ಅಂದ ಡ್ರೈವರ್.

"ಎಡವೋದು ಬೇಡಪ್ಪ, ನಿಧಾನಕ್ಕೆ ಹೋಗಿ."

ಸಭಾಂಗಣದ ಆರನೇ ಮೆಟ್ಟಿಲಲ್ಲಿ ಕುರ್ಚಿ ವಾಲಿತು. "ಎಡಕ್ಕೆ!" ಎಂದು ಡ್ರೈವರ್ ಕಿರುಚಿದ. "ನಿನ್ನ ಎಡವೋ ನನ್ನ ಎಡವೋ, ಸರಿಯಾಗಿ ಹೇಳಯ್ಯಾ!" ಎಂದು ಮಾಸ್ತರರು ತಿರುಗಿ ಕಿರುಚಿದರು. ಕುರ್ಚಿ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೇರ ಮಾತಾಡಿಬಿಟ್ಟಿದ್ದರು, ಇನ್ನು ವಾಪಸು ತಗೊಳ್ಳುವ ಹಾಗಿರಲಿಲ್ಲ. "ನಿಮ್ಮ ಎಡ ಸಾರ್," ಅಂದ ಡ್ರೈವರ್, ಸ್ವಲ್ಪ ತಗ್ಗಿದ ದನಿಯಲ್ಲಿ.

ಮೇಲೆ ಹೋದರೆ ಸಭಾಂಗಣಕ್ಕೆ ಅದೇ ಎರಡು ಬೀಗ. ಅಜ್ಜಿಯನ್ನು ಬಿಸಿಲಲ್ಲಿ ಕೂರಿಸಿಕೊಂಡು ಯಾರ ಬೀಗ ಮೊದಲು ತೆಗೆಯಬೇಕೆಂದು ವಾದ ಮಾಡುವುದು ಯಾರಿಗೂ ಸಾಧ್ಯವಾಗಲಿಲ್ಲ. ನಾನು ಗಡಿಯಾರ ಹಿಡಿದು ಒಂದು, ಎರಡು, ಮೂರು ಅಂದೆ. ಎರಡೂ ಬೀಗ ಒಟ್ಟಿಗೆ ತೆರೆದವು. ಬಾಗಿಲು ತಳ್ಳಿದರೆ ಪೂರ್ತಿ ತೆರೆಯಲಿಲ್ಲ. ಹಿಂದೆ ಏನೋ ಅಡ್ಡವಿತ್ತು.

ಏಣಿ.

"ಬಾಗಿಲ ಹಿಂದೆ ಅಂತ ಹೇಳಿದ್ನಲ್ಲ ಸಾರ್," ಅಂದ ಡ್ರೈವರ್.

ಮಾಸ್ತರರು ಏಣಿಯನ್ನು ನೋಡಿದರು, ಬಾಗಿಲನ್ನು ನೋಡಿದರು. "ಯಾವ ಬಾಗಿಲು ಅಂತ ನಾನು ಕೇಳಲೇ ಇಲ್ಲ," ಅಂದರು. ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಭಾವ ವಹಿ ತೆರೆದು ಗಂಭೀರವಾಗಿ "ಏಣಿ, ಒಂದು" ಎಂದು ಬರೆದುಕೊಂಡರು. ಯಾರಿಗೂ ನಗು ಬರಲಿಲ್ಲ.

ಶುಕ್ರವಾರ, ಶನಿವಾರ ನಮ್ಮ ಬೀದಿಯನ್ನು ನೀವು ನೋಡಬೇಕಿತ್ತು. ಡ್ರೈವರನ ಲಾರಿಯಲ್ಲಿ ಮರಳು ಬಂತು. ಅಕ್ಕ ಮತ್ತು ಅವಳ ಹನ್ನೊಂದು ಹೆಂಗಸರು ಹಳೆಯ ಪರದೆಗಳನ್ನೆಲ್ಲ ಕತ್ತರಿಸಿ ಮೂಟೆ ಹೊಲಿದರು. ಏಳು ಭಾಷೆಯವರೂ ಸಾಲಾಗಿ ನಿಂತು ಕೈಯಿಂದ ಕೈಗೆ ಮೂಟೆ ದಾಟಿಸಿದರು. ನಾನು ಇಪ್ಪತ್ತೆರಡು ಮನೆಗೂ ಹೋಗಿ ಗಡಿಯಾರಗಳನ್ನು ಒಂದೇ ಹೊತ್ತಿಗೆ ಹೊಂದಿಸಿದೆ. ಒಂದು ಮನೆಯಲ್ಲಂತೂ ಗಡಿಯಾರ ಮೂರು ವರ್ಷದಿಂದ ನಿಂತಿತ್ತು, ಯಾರೂ ಅವರ ಮನೆಗೆ ಬರುತ್ತಿರಲಿಲ್ಲವಾದ್ದರಿಂದ ಅವರಿಗೆ ಹೊತ್ತು ಬೇಕಾಗಿರಲಿಲ್ಲವಂತೆ. ಕೆಳಗಿನ ಬೀದಿಯವರು ಬಂದು ದೋಣಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಡೀ ಬೀದಿ ಒಟ್ಟಾಗಿ ಅವರನ್ನು ಬೈಯಿತು. ಏಳು ಭಾಷೆಯಲ್ಲಿ ಬೈದದ್ದರಿಂದ ಬೈಗುಳದ ಕೊರತೆಯಾಗಲಿಲ್ಲ.

ಕೆಳಬೀದಿಯವರು ತಮ್ಮಲ್ಲಿ ಬ್ಯಾನರು ಕಟ್ಟುತ್ತಿದ್ದಾರೆ, ಭಾಷಣ ಇದೆಯಂತೆ ಎಂದು ಯಾರೋ ಹೇಳಿದರು. "ನೆರೆ ಬರುವಾಗ ಭಾಷಣ! ಮುಳುಗಲಿ," ಅಂದರು ಭಾವ. ಆಗ ಅಕ್ಕ ಹೊಲಿಯುವುದನ್ನು ನಿಲ್ಲಿಸಿ ಗೋಡೆಗೆ ಸಿಕ್ಕಿಸಿದ್ದ ಸುತ್ತೋಲೆಯನ್ನೊಮ್ಮೆ ನೋಡಿದಳು, ಹೊರಗೆ ಮಾಸ್ತರರೂ ಡ್ರೈವರನೂ ಒಂದೇ ಏಣಿಯ ಎರಡು ತುದಿ ಹಿಡಿದು ಹೋಗುತ್ತಿದ್ದುದನ್ನು ನೋಡಿದಳು. ಮತ್ತೆ ಬಗ್ಗಿ ಹೊಲಿಯತೊಡಗಿದಳು. ನಾನು ಅದನ್ನು ಗಮನಿಸಿದೆನಾದರೂ ತಲೆಗೆ ಹಚ್ಚಿಕೊಳ್ಳಲಿಲ್ಲ.

ಭಾನುವಾರ ಹತ್ತಕ್ಕೆ ಇಪ್ಪತ್ತೆರಡು ಗಡಿಯಾರಗಳೂ ಒಟ್ಟಿಗೆ ಬಾರಿಸಿದವು. ನನ್ನ ಬದುಕಿನಲ್ಲಿ ನಾನು ಕೇಳಿದ ಅತ್ಯುತ್ತಮ ಸದ್ದು ಅದು. ನಾನು ಸೀಟಿ ಊದಿದೆ. ಅಜ್ಜಿ ಕುರ್ಚಿ ಸಮೇತ ಮಾಳಿಗೆ ಸೇರಿ ಛತ್ರಿ ಬಿಚ್ಚಿದರು. ಪ್ರತಿ ಬಾಗಿಲಿಗೂ ಮರಳು ಮೂಟೆ, ಸೊಂಟಕ್ಕೆ ಹಗ್ಗ, ಬೀದಿಯ ತಲೆಯಲ್ಲಿ ಹೊಳೆಯುವ ಹೊಸ ದೋಣಿ. ಮೋಡದ ಚೂರೂ ಇಲ್ಲದ ಆಕಾಶ.

ಏದುಸಿರು ಬಿಡುತ್ತ ಏರು ಹತ್ತಿ ಬಂದವರು ಪುರಸಭೆಯ ಪರಿಶೀಲನಾಧಿಕಾರಿಣಿ. ಕೈಯಲ್ಲಿ ಕಡತ. ದೋಣಿಯನ್ನು ನೋಡಿ ಒಂದು ಹೆಜ್ಜೆ ಹಿಂದೆ ಹೋದರು, ಆಮೇಲೆ ಸಾವರಿಸಿಕೊಂಡರು.

"ಸಂಚಾಲಕರು ಯಾರು?"

ಭಾವ ಎದೆಯುಬ್ಬಿಸಿ ಮುಂದೆ ಬಂದರು. "ನಾನೇ ಮೇಡಂ. ಎಲ್ಲ ಸಿದ್ಧವಾಗಿದೆ."

"ಸಂತೋಷ. ನೆರೆ ಎಷ್ಟು ಮನೆಗೆ ತಲುಪಿದೆ?"

"ಒಂದಕ್ಕೂ ಇಲ್ಲ ಮೇಡಂ!"

ಅವರ ಲೇಖನಿ ನಿಂತಿತು. "ಒಂದು ಮನೆಗೂ ಇಲ್ವಾ?"

"ತಲುಪೋಕೆ ನಾವು ಬಿಟ್ಟರೆ ತಾನೆ! ಹೊಸ್ತಿಲು ದಾಟಿ ಒಳಗೆ ಬರಲಿ ನೋಡೋಣ. ಪ್ರತಿ ಬಾಗಿಲಿಗೂ ಮರಳು ಮೂಟೆ ಹಾಕಿದ್ದೀವಿ."

"ನೆರೆಯನ್ನ ತಡೆಯೋಕೆ ಮರಳು ಮೂಟೆಯಾ?"

"ಮತ್ತಿನ್ನೇನು ಮೇಡಂ? ಅಷ್ಟಕ್ಕೂ ಮೀರಿ ಬಂದ್ರೆ, ಎಲ್ರೂ ಮಾಳಿಗೆ ಹತ್ತಿಬಿಡ್ತೀವಿ. ಮುದುಕರನ್ನಂತೂ ಮೊದಲೇ ಅಡಗಿಸಿಟ್ಟಿದ್ದೀವಿ," ಎಂದು ಮೇಲೆ ಅಜ್ಜಿಯ ಕಡೆ ಕೈ ತೋರಿಸಿದರು. ಅಜ್ಜಿ ಛತ್ರಿಯನ್ನು ಅಲ್ಲಾಡಿಸಿದರು.

ಅಧಿಕಾರಿಣಿ ನಾಲ್ಕು ಕಡೆ ನೋಡಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎಪ್ಪತ್ತು ಜನ ಅವರನ್ನೇ ದಿಟ್ಟಿಸುತ್ತಿದ್ದರು. "ನನ್ನ ನೌಕರಿಯಲ್ಲಿ ಇಂಥ ಬೀದಿ ಕಂಡಿಲ್ಲ," ಎಂದು ಕಡತದಲ್ಲಿ ಬರೆಯತೊಡಗಿದರು. ಭಾವ ಅದನ್ನು ಹೊಗಳಿಕೆಯೆಂದೇ ತಿಳಿದು ಇಣುಕಿ ನೋಡಿದರು. ಬರೆದಿದ್ದು "ಅತೃಪ್ತಿಕರ" ಎಂದು. ತಪ್ಪಿಲ್ಲದ ಕಾಗುಣಿತ.

"ಅತೃಪ್ತಿಕರ ಅಂದ್ರೇನು ಮೇಡಂ? ನೆರೆ ಬಂದು ನೋಡಲಿ!"

"ನೆರೆ ಅಂದ್ರೆ ಏನು ಅಂದ್ಕೊಂಡಿದ್ದೀರಿ ನೀವು?" ಅಂದರು ಅವರು, ಸಹನೆ ಕಳೆದುಕೊಂಡು. "ನೆರೆ ಅಂದ್ರೆ ನೆರೆಯವರು! ನೆರೆಹೊರೆ! ಬೇರೆ ಬೇರೆ ಕಡೆಯಿಂದ ಬಂದ ಜನ ಒಂದೇ ಬೀದಿಯಲ್ಲಿ ಒಬ್ಬರಿಗೊಬ್ಬರು ಆಗಲಿ ಅಂತ ಪುರಸಭೆ ಮಾಡಿರೋ ಕಾರ್ಯಕ್ರಮ ಇದು. ನೀವು ನೋಡಿದ್ರೆ ಬಾಗಿಲಿಗೆ ಮರಳು ಪೇರಿಸಿದ್ದೀರಿ!"

ಮರಗೆಲಸದವನ ಹೆಂಡತಿ ಮೆಲ್ಲಗೆ ಗಂಡನ ಕಿವಿಯಲ್ಲಿ ಏನೋ ಹೇಳಿದಳು. ಭಾವ ಜೇಬಿನಿಂದ ಸುತ್ತೋಲೆ ತೆಗೆದು ತಮ್ಮದೇ ಕೆಂಪು ಗೀಟುಗಳನ್ನು ಒಂದೊಂದಾಗಿ ಓದಿದರು. ತಲುಪದಂತೆ. ಬಾಧಿತ. ನೆರೆಯ ಹೊರೆ. ಅವರು ತಿರುಗಿ ನೋಡಿದ್ದು ಅಕ್ಕನನ್ನು. "ನಿನ್ನ ಸಭಾಂಗಣ ಕಳೆದುಬಿಟ್ಟೆ ಕಣೇ," ಅಂದರು. ಇಷ್ಟು ವರ್ಷದಲ್ಲಿ ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಕ್ಕ ಹಗ್ಗ ಬಿಚ್ಚಿ ಅಧಿಕಾರಿಣಿಯ ಮುಂದೆ ಬಂದು ನಿಂತಳು. "ನಿಮ್ಮ ಕಡತದಲ್ಲಿ ಪ್ರಶ್ನೆಗಳಿರ್ಬೇಕಲ್ಲ ಮೇಡಂ? ಅವನ್ನ ಕೇಳದೇನೇ ಫಲಿತಾಂಶ ಬರೀತೀರಾ?"

ಅಧಿಕಾರಿಣಿ ನಿಟ್ಟುಸಿರು ಬಿಟ್ಟು ಹಾಳೆ ತಿರುವಿದರು. ಎದುರಿಗೆ ಸಿಕ್ಕ ಮಾಸ್ತರರನ್ನು ಕೇಳಿದರು. "ನಿಮ್ಮ ಪಕ್ಕದ ಮನೆಯವರ ಬಗ್ಗೆ ನಿಮಗೇನಾದ್ರೂ ಗೊತ್ತಾ?"

"ಡ್ರೈವರಾ? ಅವನಿಗೆ ಬಲ ಮೊಣಕಾಲು ನೋವು, ಕುರ್ಚಿ ಹೊರುವಾಗ ಎಡಗಡೆಯೇ ಹಿಡೀಬೇಕು. ಹೆಂಡತಿಗೆ ಸಕ್ಕರೆ ಕಾಯಿಲೆ, ಮಾತ್ರೆ ಅಡುಗೆಮನೆಯ ಎರಡನೇ ಕಪಾಟು. ಮನುಷ್ಯ ಅಪ್ಪಟ ಪ್ರಾಮಾಣಿಕ. ಬೇಕಾದ್ರೆ ಬರಕೊಳ್ಳಿ."

"ಕಷ್ಟ ಬಂದ್ರೆ ನೀವು ಯಾರನ್ನ ಕರೀತೀರಿ?" ಎಂದು ಇನ್ನೊಬ್ಬರನ್ನು ಕೇಳಿದರು.

"ಯಾರನ್ನಾದ್ರೂ. ಸೀಟಿ ಊದಿದ್ರೆ ಎಲ್ರೂ ಬರ್ತಾರೆ. ಮೂರು ನಿಮಿಷ ಸಾಕು, ನಿನ್ನೆ ಎರಡು ಸಲ ನೋಡಿದ್ದೀವಿ."

"ಹೊಸದಾಗಿ ಬಂದವರನ್ನ ಸೇರಿಸಿಕೊಂಡಿದ್ದೀರಾ?"

ಅದಕ್ಕೆ ಮರಗೆಲಸದವನು ತಾನೇ ಮುಂದೆ ಬಂದ. ನಾಲ್ಕು ದಿನದಲ್ಲಿ ಅವನೂ ಒಂದಷ್ಟು ಮಾತು ಹೆಕ್ಕಿಕೊಂಡಿದ್ದ. ದೋಣಿಯನ್ನು ತಟ್ಟಿ, "ನಾನು ಮಾಡಿದೆ. ಎಲ್ರೂ ಹಲಗೆ ಕೊಟ್ರು. ನೀರು ಬರಲಿಲ್ಲ, ಒಳ್ಳೇದು. ಇವರು ಬಂದ್ರು," ಎಂದು ಇಡೀ ಬೀದಿಯತ್ತ ಕೈ ಬೀಸಿದ.

ಅಧಿಕಾರಿಣಿ ಭಾವನ ಕೈಯಿಂದ ವಹಿಯನ್ನು ತೆಗೆದುಕೊಂಡು ಮೊದಲ ಹಾಳೆಯಿಂದ ಕೊನೆಯವರೆಗೂ ಓದಿದರು. ಓದುತ್ತ ಓದುತ್ತ ಮರಳು ಮೂಟೆಯ ಮೇಲೆ ಕೂತುಬಿಟ್ಟರು.

"ಬೆಳಿಗ್ಗೆಯಿಂದ ಆರು ಬೀದಿ ನೋಡಿ ಬಂದೆ," ಅಂದರು. "ಬ್ಯಾನರು ಇತ್ತು, ಭಾಷಣ ಇತ್ತು, ಕುರ್ಚಿ ಬಾಡಿಗೆಗೆ ತಂದಿದ್ರು. ಎದುರು ಮನೆಯಲ್ಲಿ ಎಷ್ಟು ಜನ ಅಂದ್ರೆ ಒಬ್ಬರಿಗೂ ಗೊತ್ತಿರಲಿಲ್ಲ." ಎದ್ದು, ಬರೆದಿದ್ದ ಮಾತಿನ ಮೊದಲ ಅಕ್ಷರದ ಮೇಲೆ ಪೆನ್ನು ಇಟ್ಟು ಭಾವನನ್ನು ನೋಡಿದರು. "ನಿಮ್ಮ ಕೆಂಪು ಪೆನ್ನು ಸ್ವಲ್ಪ ಕೊಡ್ತೀರಾ?"

ಕೆಂಪು ಗೀಟು ಬಿದ್ದದ್ದು "ಅ" ಎಂಬ ಒಂದೇ ಅಕ್ಷರದ ಮೇಲೆ. ಉಳಿದದ್ದು "ತೃಪ್ತಿಕರ". ಬೀದಿ ಹಾಕಿದ ಕೇಕೆಗೆ ಕೆಳಬೀದಿಯವರು ನಿಜವಾಗಿಯೂ ನೆರೆ ಬಂತೆಂದು ಮೇಲೆ ಓಡಿಬಂದರು. ಅವರಿಗೂ ಜಾಗ ಮಾಡಿಕೊಟ್ಟೆವು.

ಸಂಜೆ ಭಾವ ಅಕ್ಕನನ್ನು ಕೇಳಿದರು. "ನಿನಗೆ ಗೊತ್ತಿತ್ತಾ?"

"ಶನಿವಾರ ಗೊತ್ತಾಯ್ತು."

"ಹೇಳಲಿಲ್ಲ ಯಾಕೆ?"

"ಹೇಳಿದ್ದಿದ್ರೆ ನೀವು ನೆರೆಹೊರೆಯ ಬಗ್ಗೆ ಒಂದು ಗಂಟೆ ಶುದ್ಧವಾದ ಭಾಷಣ ಮಾಡ್ತಿದ್ರಿ. ಮಾಸ್ತರರ ಏಣಿ ಮತ್ತೆ ಬಾಗಿಲ ಹಿಂದೆ ಹೋಗಿಬಿಡ್ತಿತ್ತು," ಅಂದಳು. "ಕೆಂಪು ಪೆನ್ನು ಕೈಗೆ ತಗೊಂಡಿದ್ದೆ ರೀ. ಮತ್ತೆ ಇಟ್ಟುಬಿಟ್ಟೆ."

ಭಾವ ಆ ರಾತ್ರಿಯ ಊಟವನ್ನು ಮೆಟ್ಟಿಲ ಮೇಲೆಯೇ ಮಾಡಿದರು, ಆದರೆ ಅಕ್ಕ ಅವರ ಪಕ್ಕದಲ್ಲಿ ಕೂತಿದ್ದಳು.

ತಿಂಗಳು ಮುಗಿಯುವ ಮುನ್ನ ನಾಲ್ಕು ಯಂತ್ರಗಳೂ ಸಭಾಂಗಣಕ್ಕೆ ಹೋದವು. ಹೊತ್ತವರು ಮಾಸ್ತರರು ಮತ್ತು ಡ್ರೈವರ್, ದಾರಿಯುದ್ದಕ್ಕೂ ಯಾರ ಎಡ ಎಂದು ಜಗಳವಾಡುತ್ತ. ಬೀಗ ಈಗ ಒಂದೇ. ಬಾಗಿಲ ಮೇಲಿನ ಫಲಕವನ್ನು ಮರಗೆಲಸದವನು ಕೆತ್ತಿದ್ದಾನೆ: ನೆರೆಮನೆ. ನೆರೆಯವರ ಮನೆ ಅಂತಲೋ, ನೆರೆ ಬಂದರೆ ಹೋಗುವ ಮನೆ ಅಂತಲೋ ಎಂದು ಕೇಳಿದವರಿಗೆ ನಾವು ಹೌದು ಎನ್ನುತ್ತೇವೆ. ಒಳಗೆ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಆ ಸುತ್ತೋಲೆ ಇದೆ. ಹೊಡೆದುಹಾಕಿದ "ನೆರೆಹೊರೆ"ಯ ಕೆಳಗೆ ಸಾಲಾಗಿ ಕೆಂಪು ಚುಕ್ಕಿಗಳು, ಅಂಚಿನಲ್ಲಿ "ಇದ್ದಂತೆ ಇರಲಿ", ಅದರ ಮೇಲೆ ಸಂಚಾಲಕರ ಮೊಹರು. ನೋಡಲು ಬಂದವರಿಗೆ ಭಾವ ತಾವೇ ಬೆರಳಿಟ್ಟು ತೋರಿಸುತ್ತಾರೆ.

ಯಂತ್ರ ಸಾಗಿಸಿದ ದಿನ ಖಾಲಿಯಾದ ಮುಂದಿನ ಕೋಣೆಯಲ್ಲಿ ಅಕ್ಕ ಹಳೆಯ ಪೆಟ್ಟಿಗೆಯೊಂದನ್ನು ಸರಿಸುತ್ತಿದ್ದಳು. ತಳದಲ್ಲಿ ಆ ಪತ್ರ ಸಿಕ್ಕಿತು, ಒಂಬತ್ತು ಕೆಂಪು ಗೀಟಿನದು. ಅವಳು ಅದನ್ನು ಭಾವನ ಕೈಗೆ ಕೊಟ್ಟಳು. ಭಾವ ಎರಡು ವರ್ಷದ ಮೇಲೆ ತಮ್ಮ ಮನೆಯ ಕುರ್ಚಿಯಲ್ಲಿ ಕೂತು ಅದನ್ನು ನಿಧಾನವಾಗಿ ಓದಿದರು. ಪೆನ್ನು ತೆಗೆದರು. ಒಂದೊಂದು ಗೀಟಿನ ಕೆಳಗೂ ಚುಕ್ಕಿ ಇಡುತ್ತ ಹೋದರು. ಒಂಬತ್ತು ಕಡೆಯೂ.

"ಮಹಾಪ್ರಾಣ?" ಅಂದಳು ಅಕ್ಕ.

"ಇದ್ದಂತೆ ಇರಲಿ," ಅಂದರು ಭಾವ.